ನೀಲವ್ವನ ಐದು ಪಾಲು

ಪುಸ್ತಕ ಕುಯ್ಯುವವನನ್ನು ಗ್ರಂಥಪಾಲಕ ಎಂದು ಕರೆಯಬಹುದೇ ಎಂಬ ಪ್ರಶ್ನೆ ಬಾಗಲಕೋಟೆಯ ನವನಗರದ ಒಂದು ತಂಪು ಕೋಣೆಯಲ್ಲಿ ಎರಡು ಸಲ ಚರ್ಚೆಗೆ ಬಂದಿದೆ. ಇಳಕಲ್ಲಿನ ಕಂಡಿಕಿ ಓಣಿಯಲ್ಲಿ ಒಂದು ಸಲವೂ ಬಂದಿಲ್ಲ. ಅಲ್ಲಿ ಹೊಸದೊಂದು ದಪ್ಪ ಪುಸ್ತಕ ಬಂದು ಎರಡು ದಿನವಾದರೂ ಯಮನೂರಪ್ಪ ಅದನ್ನು ಕುಯ್ಯದಿದ್ದರೆ ಹೆಂಗಸರು ಬಾಗಿಲಿಗೇ ಬಂದು, ಮೈಯಾಗ ಆರಾಮಿಲ್ಲೇನು ಎಂದು ವಿಚಾರಿಸುತ್ತಾರೆ.

ಯಮನೂರಪ್ಪನಿಗೆ ಈಗ ಐವತ್ತೆಂಟು. ಹನ್ನೆರಡನೆಯ ವಯಸ್ಸಿಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟವನು, ನಲವತ್ತಕ್ಕೆ ಕಣ್ಣು ಮಂಜಾಗಿ, ಸೀರೆಯ ದಡಿಯ ಎಳೆ ಕಾಣದೆ ಮೇಲೆದ್ದು ಬಂದ. ಅದೇ ವರ್ಷ ನವನಗರದ ಸುಜ್ಞಾನಸಿಂಧು ವಾಚನಾಲಯ ಟ್ರಸ್ಟಿನವರು ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಶಾಖೆ ತೆರೆದರು. ಇಳಕಲ್ಲಿನ ಶಾಖೆಗೆ ಕಂಡಿಕಿ ಓಣಿಯಲ್ಲಿ ಒಂದು ಖೋಲಿ, ಎರಡು ಬೆಂಚು, ಒಂದು ಕಪಾಟು ಸಿಕ್ಕವು. ನೋಡಿಕೊಳ್ಳಲು ಯಮನೂರಪ್ಪ ಸಿಕ್ಕ. "ಎಳಿ ಕಾಣದಾಂವಗ ಅಕ್ಷರ ಕೊಟ್ಟಾರ" ಎಂದು ಅವನ ಹೆಂಡತಿ ಬಾಳವ್ವ ಅಂದು ನಗಾಡಿದ್ದಳು. ನಕ್ಕವಳೇ ಮರುದಿನ ಮೊದಲ ಪುಸ್ತಕ ಒಯ್ದಳು.

ಕುಯ್ಯುವ ಕಸುಬು ಶುರುವಾದದ್ದು ಒಂದು ಜಗಳದಿಂದ. ಏಳುನೂರು ಪುಟದ ಕಾದಂಬರಿಯೊಂದು ಒಂದೇ ಮನೆಯಲ್ಲಿ ಒಂದೂವರೆ ತಿಂಗಳು ಕೂತುಬಿಟ್ಟಿತು. ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತುವ ಹೆಂಗಸಿಗೆ ದಿನಕ್ಕೆ ಸಿಗುವುದು ಇಪ್ಪತ್ತು ಪುಟದ ಬಿಡುವು. ಅವಳ ತಪ್ಪೇನೂ ಇರಲಿಲ್ಲ. ಆದರೆ ಹಿಂದೆ ಕಾಯುತ್ತಿದ್ದ ನಾಲ್ವರು ಅವಳ ಜೊತೆ ಮಾತು ಬಿಟ್ಟರು. ಆಗ ಯಮನೂರಪ್ಪ ನೇಕಾರನ ಬುದ್ಧಿ ಓಡಿಸಿದ. ಪುಸ್ತಕದ ಬೆನ್ನು ಬಿಚ್ಚಿ ಐದು ಪಾಲು ಮಾಡಿದ. ಬಾಳವ್ವ ಉಳಿದ ರೇಷ್ಮೆ ನೂಲಿನಿಂದ ಒಂದೊಂದನ್ನೂ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿಕೊಟ್ಟಳು. ಮೊದಲನೆಯವಳು ಒಂದನೇ ಪಾಲು ಓದಿ ಮುಗಿಸಿದ ಸೋಮವಾರ ಅದು ಎರಡನೆಯವಳಿಗೆ, ಎರಡನೇ ಪಾಲು ಮೊದಲನೆಯವಳಿಗೆ. ಹೀಗೆ ಸೋಮವಾರದಿಂದ ಸೋಮವಾರಕ್ಕೆ ಪಾಲುಗಳು ಓಣಿಯಲ್ಲಿ ಮನೆಯಿಂದ ಮನೆಗೆ ನಡೆದುಹೋಗತೊಡಗಿದವು. ಒಂದೇ ಪುಸ್ತಕವನ್ನು ಐವರು ಒಟ್ಟಿಗೆ ಓದುವ ಈ ಯಂತ್ರವನ್ನು ಜಗತ್ತಿನ ಯಾವ ಮಹಾನ್ ಗ್ರಂಥಾಲಯವೂ ಕಂಡುಹಿಡಿದಿರಲಿಲ್ಲ. ಕಂಡುಹಿಡಿದವನಿಗೆ ಆ ದಿನ ಸಿಕ್ಕ ಗೌರವ ಒಂದು ಕಪ್ ಚಹಾ.

ಯಂತ್ರವೆಂದ ಮೇಲೆ ಅದಕ್ಕೊಂದು ಕಾಯಿದೆಯೂ ಬೇಕಾಯಿತು. ಮುಂದೆ ಓದಿದವಳು ಹಿಂದೆ ಇದ್ದವಳೆದುರು ಕಥೆಯ ಬಗ್ಗೆ ಬಾಯಿ ಬಿಡಕೂಡದು. ಬಿಟ್ಟರೆ ಮುಂದಿನ ಒಂದು ಸುತ್ತು ಅವಳಿಗೆ ಪುಸ್ತಕವಿಲ್ಲ. ಈ ಕಾಯಿದೆಯನ್ನು ಕಾಯುವವಳು ಹುಸೇನಬಿ. ಅರವತ್ನಾಲ್ಕರ ವಯಸ್ಸು, ಏಳನೇ ಇಯತ್ತೆ ಪಾಸು, ಓಣಿಯಲ್ಲಿ ಎಲ್ಲರಿಗಿಂತ ವೇಗವಾಗಿ ಕಂಡಿಕಿ ಸುತ್ತುವ ಕೈ, ಎಲ್ಲರಿಗಿಂತ ನಿಧಾನವಾಗಿ ಓದುವ ಕಣ್ಣು. ಒಮ್ಮೆ ಅವಳ ನಾದಿನಿಯೇ ನೀರು ತುಂಬುವಾಗ, "ಪಾಪ, ಆ ಹುಡುಗಿ" ಎಂದಷ್ಟೇ ಅಂದಿದ್ದಳು. ಹುಡುಗಿಗೆ ಕೇಡಾಗುತ್ತದೆ ಎಂಬುದು ಅದರಿಂದ ಬಯಲಾಯಿತೆಂದು ಹುಸೇನಬಿ ತೀರ್ಪು ಕೊಟ್ಟು ನಾದಿನಿಯನ್ನು ಐದು ವಾರ ಕಥೆಯಿಲ್ಲದೆ ಒಣಗಿಸಿದಳು. ಅಮಾವಾಸ್ಯೆಗೆ ಮಗ್ಗಗಳು ಸುಮ್ಮನಾಗುತ್ತವೆ. ಅಂದು ಎಲ್ಲರೂ ವಾಚನಾಲಯದ ಕಟ್ಟೆಗೆ ಬಂದು ಕೂತು, ಎಲ್ಲರಿಗಿಂತ ಹಿಂದೆ ಇರುವವಳು ಯಾವ ಪುಟದಲ್ಲಿದ್ದಾಳೋ ಅಲ್ಲಿಯವರೆಗಿನ ಕಥೆಯನ್ನು ಮಾತ್ರ ಹಿಂಜುತ್ತಾರೆ. ಅದರಾಚೆ ಒಂದು ಅಕ್ಷರವಿಲ್ಲ.

ಈ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದವನು ಶಂಭು.

ಶಂಭು ಸುಜ್ಞಾನಸಿಂಧುವಿನ ಡಿಜಿಟಲ್ ಸಂಯೋಜಕ. ಮೂವತ್ತೊಂದರ ಪ್ರಾಯ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಉಂಗುರದಂಥ ದೀಪ. ಬಾಗಲಕೋಟೆಯಲ್ಲೇ ಹುಟ್ಟಿ ಬೆಳೆದವನು. ಪುಸ್ತಕವೊಂದನ್ನು ಅವನು ಕೊನೆಯ ಸಲ ಪೂರ್ತಿ ಓದಿದ್ದು ಪರೀಕ್ಷೆಗಿತ್ತೆಂಬ ಕಾರಣಕ್ಕೆ. ಅವನ ನೇಮಕವಾದ ಮೇಲೆ ಟ್ರಸ್ಟಿಗೆ ಫೇಸ್‌ಬುಕ್ ಪುಟ ಬಂತು, ಇನ್‌ಸ್ಟಾಗ್ರಾಂ ಬಂತು, ಎಲ್ಲ ಶಾಖೆಗಳ ಪುಸ್ತಕಗಳ ಆನ್‌ಲೈನ್ ಪಟ್ಟಿ ಬಂತು. ಬರೀ ಪಟ್ಟಿಯಲ್ಲ. ಓದುಗರು ಪುಸ್ತಕಕ್ಕೆ ನಕ್ಷತ್ರ ಕೊಡಬಹುದು, ಕೆಳಗಿನ ಚೌಕದಲ್ಲಿ ಅಭಿಪ್ರಾಯ ಬರೆಯಬಹುದು, ಒಬ್ಬರಿಗೊಬ್ಬರು ಉತ್ತರಿಸಬಹುದು. ಒಳ್ಳೆಯದೇ ಆಯಿತಲ್ಲ ಎನ್ನುವಿರಿ. ಯಮನೂರಪ್ಪನೂ ಹಾಗೇ ಅಂದುಕೊಂಡಿದ್ದ, ಹುನಗುಂದದಲ್ಲಿ ನಡೆದ ಸಭೆಯಲ್ಲಿ ಶಂಭು ಬಾಯಿ ತೆರೆಯುವವರೆಗೆ.

"ಮಾರ್ಚ್ ಮೂವತ್ತೊಂದಕ್ಕ ಯಾವ ಶಾಖೆಗೆ ಎಲ್ಲಾರಕಿಂತ ಕಡಿಮಿ ಎಂಗೇಜ್‌ಮೆಂಟ್, ಅಂದ್ರ ಲೈಕು ಕಮೆಂಟು, ಇರ್ತೈತಿ, ಆ ಶಾಖೆ ಬಂದ್" ಎಂದ ಶಂಭು. "ಅದರ ಕಪಾಟು ಹುನಗುಂದ ಶಾಖೆಗೆ ಬರ್ತೈತಿ."

"ಹುನಗುಂದದ್ದ ಕಡಿಮಿ ಆದ್ರ?" ಎಂದು ಯಮನೂರಪ್ಪ ಕೇಳಿದ.

"ಆಗೂದಿಲ್ರಿ. ಇಲ್ಲಿ ಕೋಚಿಂಗ್ ಕ್ಲಾಸಿನ ಹುಡುಗ್ರು ಅದಾರ. ದಿನಾ ಐವತ್ತು ಲೈಕ್ ಒತ್ತತಾರ."

"ಓದತಾರೇನ್ರಿ?"

"ಅದನ್ನ ಯಾರು ನೋಡ್ತಾರ್ರಿ, ಯಮನೂರಪ್ಪನವ್ರ?"

ಆ ಹೊತ್ತಿಗೆ ಮೊದಲ ಸ್ಥಾನದಲ್ಲಿದ್ದದ್ದು ಬಾದಾಮಿ ಶಾಖೆ. ಅಲ್ಲಿ ಒಂದು ಮಂಗ ಕಿಟಕಿಯಿಂದ ಇಳಿದು, ಬೆಂಚಿನ ಮೇಲೆ ಕೂತು, ದಿನಪತ್ರಿಕೆಯನ್ನು ಎರಡು ಸಲ ಮಗುಚಿ ನೋಡಿ, ಹರಿದು ಬಾಯಿಗೆ ಹಾಕಿಕೊಂಡಿತ್ತು. ಆ ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿದ್ದರು. ಟ್ರಸ್ಟಿನ ವರದಿಯಲ್ಲಿ ಅದು 'ಓದುಗರ ಸಂಖ್ಯೆಯಲ್ಲಿ ಗಣನೀಯ ಏರಿಕೆ' ಎಂದು ದಾಖಲಾಯಿತು. ಹದಿನೆಂಟು ವರ್ಷ ಪುಸ್ತಕ ಹಂಚಿದ ಯಮನೂರಪ್ಪ ಈಗ ಸ್ಪರ್ಧಿಸಬೇಕಾದದ್ದು ಇದರ ಜೊತೆ. ಸೋತರೆ ಕಪಾಟು ಹುನಗುಂದಕ್ಕೆ. ಬಸ್ಸಿಗೆ ಅರ್ಧ ತಾಸಿನ ದಾರಿ, ನಿಜ. ಆದರೆ ಮಗ್ಗದ ಮನೆಯ ಹೆಂಗಸಿಗೆ ಪುಸ್ತಕ ತರಲು ಅರ್ಧ ತಾಸು ಹೋಗಿ ಅರ್ಧ ತಾಸು ಬರುವ ಬಿಡುವು ಈ ಜನ್ಮದಲ್ಲಿಲ್ಲ. ಕಪಾಟು ಹೋದರೆ ಓಣಿಯ ಓದು ಹೋಯಿತು ಎಂದೇ ಅರ್ಥ.

ಮರುವಾರ ಶಂಭು ದೀಪ ಹಿಡಿದು ಕಂಡಿಕಿ ಓಣಿಗೆ ಬಂದ. ಹುಸೇನಬಿಯನ್ನು ಕೂರಿಸಿ, ಕೈಗೆ ಪುಸ್ತಕ ಕೊಟ್ಟು, ಓದುತ್ತ ನಗಬೇಕೆಂದ.

"ಈ ಪುಟದಾಗ ಮುದುಕ ಸತ್ತಾನ" ಎಂದಳು ಹುಸೇನಬಿ. "ನಗೂದು ಹ್ಯಾಂಗ?"

"ಆಡಿಯೋ ಬರೂದಿಲ್ರಿ ಅಕ್ಕಾರ. ಸುಮ್ನ ನಗ್ರಿ."

ಮುದುಕನ ಹೆಣದ ಮುಂದೆ ಹುಸೇನಬಿ ನಕ್ಕಳು. ವಿಡಿಯೋಗೆ ಎಂಬತ್ತಮೂರು ಪ್ರತಿಕ್ರಿಯೆ ಬಂದವು. ಓಣಿಯವರು ಸೀರೆ ಮಾರುವುದು ಫೋನಿನಲ್ಲೇ ಆದ್ದರಿಂದ ಊರೂರಿನ ಗಿರಾಕಿಗಳ ಕಣ್ಣಿಗೆ ಅದು ಬಿದ್ದಿತ್ತು. ಎಂಬತ್ತಮೂರು ಜನವೂ ಕೇಳಿದ್ದು ಅವಳು ಉಟ್ಟ ಸೀರೆಯ ರೇಟು. ಇಬ್ಬರು ಬೇರೆ ಬಣ್ಣದಲ್ಲಿದೆಯೇ ಎಂದೂ ಕೇಳಿದ್ದರು. ಶಂಭು ಅವಷ್ಟನ್ನೂ ಓದುಗರ ಸ್ಪಂದನ ಎಂದು ವರದಿಗೆ ಸೇರಿಸಿದ. ಹೇಸಿಗೆಗೆ ಮೇಲುಮಿತಿ ಎಂಬುದೊಂದು ಇರುತ್ತದೆಂದು ನಂಬಿದವರು ಇನ್ನೂ ಸ್ವಲ್ಪ ಓದಬೇಕು.

ಇನ್ನು ಆನ್‌ಲೈನ್ ಪಟ್ಟಿ. ಆಗ ಓಣಿಯಲ್ಲಿ ನಡೆಯುತ್ತಿದ್ದದ್ದು ಆರುನೂರಾ ನಲವತ್ತು ಪುಟದ ಒಂದು ಕಾದಂಬರಿ. ಅದರ ನಾಯಕಿ ನೀಲವ್ವ. ಎರಡನೇ ಪಾಲಿನಲ್ಲಿ ನೀಲವ್ವನ ಗಂಡನ ಮನೆಗೆ ಬೆಂಕಿ ಬೀಳುತ್ತದೆ. ಯಾರು ಹಚ್ಚಿದರೆಂಬುದು ಐದನೇ ಪಾಲಿನವರೆಗೂ ತಿಳಿಯುವುದಿಲ್ಲ. ಕಳೆದ ಅಮಾವಾಸ್ಯೆಯಿಂದ ಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ಇದನ್ನು ಪಟ್ಟಿಗೆ ಸೇರಿಸುವಾಗ ಪ್ರಾಮಾಣಿಕನಾದ ಯಮನೂರಪ್ಪ ಕಪಾಟಿನಲ್ಲಿ ಕಂಡದ್ದನ್ನು ಕಂಡಂತೆ, ಐದು ಪುಸ್ತಕ ಎಂದು ಬರೆದ. ಶಂಭು ಧಾವಿಸಿ ಬಂದ.

"ಇದನ್ನ ಹರದಾಂವ ಯಾರ್ರಿ?"

"ಹರದಿಲ್ರಿ, ಬಿಚ್ಚೇನಿ. ಹೊಲದೇನಿ ಸೈತ."

"ಟ್ರಸ್ಟಿನ ಆಸ್ತಿ ಇದು. ನೋಟೀಸ್ ಬರ್ತೈತಿ ನಿಮಗ" ಎಂದ ಶಂಭು, ಪಟ್ಟಿಯ ಮೇಲೆ ಬೆರಳಾಡಿಸುತ್ತ ಗಕ್ಕನೆ ನಿಂತ. ಒಂದು ಪುಸ್ತಕಕ್ಕೆ ಒಂದು ಅಭಿಪ್ರಾಯದ ಚೌಕ. ಐದು ಪಾಲಿಗೆ ಐದು. ಅವನ ದನಿ ತುಪ್ಪದಂತೆ ಕರಗಿತು. "ಅಲ್ರೀ, ಉಳದ ಪುಸ್ತಕಾನೂ ಹಿಂಗ ಮಾಡಾಕ ಬರ್ತೈತೇನು? ಹತ್ತ ಹತ್ತ ಪಾಲು?"

ಪುಸ್ತಕವನ್ನು ಓದುವುದಕ್ಕಾಗಿ ಕುಯ್ದವನು ಅಪರಾಧಿ. ಲೆಕ್ಕ ಉಬ್ಬಿಸುವುದಕ್ಕಾಗಿ ಕುಯ್ಯುವವನು ದೂರದೃಷ್ಟಿಯುಳ್ಳವನು. ನವನಗರದ ತಂಪು ಕೋಣೆಯ ಚರ್ಚೆ ಎರಡನೇ ಸಲ ಈ ತೀರ್ಮಾನಕ್ಕೆ ಬಂತೆಂದು ಹೇಳುತ್ತಾರೆ.

ಕಪಾಟು ಉಳಿಯಬೇಕಾದರೆ ಬರೆಯಿರಿ ಎಂದು ಯಮನೂರಪ್ಪ ಮನೆಮನೆಗೂ ಹೋಗಿ ಕೈಮುಗಿದ. ಓಣಿಯ ವೀರನಾರಿಯರು ಫೋನು ಹಿಡಿದರು. ಆದರೆ ಎಲ್ಲರೂ ಎಲ್ಲ ಚೌಕಗಳನ್ನೂ ನೋಡಬಹುದಾದ ಜಾಗದಲ್ಲಿ ಕಾಯಿದೆ ಮುರಿಯದೆ ಬರೆಯುವುದೇನನ್ನು? ಒಂದು ವಾರದಲ್ಲಿ ಇನ್ನೂರಾ ಹನ್ನೆರಡು ಅಭಿಪ್ರಾಯ ಬಂದವು. ಅಷ್ಟೂ ಒಂದೇ ಬಗೆಯವು: "ಓದಿನ್ರಿ. ಹೇಳೂದಿಲ್ಲ." ಒಬ್ಬಾಕೆ ಮಾತ್ರ ಧೈರ್ಯ ಮಾಡಿ, "ಓದಿನ್ರಿ. ಅತ್ತೆ" ಎಂದು ಬರೆದು, ಹೆದರಿ ಅರ್ಧಕ್ಕೇ ಬಿಟ್ಟಿದ್ದಳು. ಮೂರನೇ ಪಾಲಿಗೆ ಎಲ್ಲರೂ ಒಂದೇ ನಕ್ಷತ್ರ ಕೊಟ್ಟಿದ್ದರು. ಕಾರಣ ಹೇಳಿರಲಿಲ್ಲ.

"ಹಿಂಗ ಬರದ್ರ ಯಾರ್ರಿ ನೋಡ್ತಾರ?" ಎಂದು ಶಂಭು ಫೋನಿನಲ್ಲಿ ಗದರಿದ. "ಚರ್ಚೆ ಆಗಬೇಕು. ಬಿಡ್ರಿ, ನಾನ ಮಾಡ್ತೇನಿ."

ಅವನು ಮಾಡಿದ್ದೇನು? ಹಿಂದಿನ ಸೋಮವಾರ ಫೋಟೋ ತೆಗೆಯಲು ಬಂದಾಗ ಐದನೇ ಪಾಲು ಮೇಜಿನ ಮೇಲಿತ್ತು. ಆರುನೂರಾ ನಲವತ್ತು ಪುಟಗಳಲ್ಲಿ ಅವನು ಓದಿದ್ದು ಕೊನೆಯ ಒಂದು ಪುಟ. ಅದರ ಬಲದಿಂದ ಶನಿವಾರ ಮಧ್ಯಾಹ್ನ ಫೇಸ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಪ್ರಶ್ನೆ ಹಾಕಿದ: 'ನೀಲವ್ವ ತನ್ನ ಗಂಡನ ಮನೆಗೆ ತಾನೇ ಬೆಂಕಿ ಹಚ್ಚಿದ್ದು ಸರಿಯೇ? ಸರಿ, ತಪ್ಪು, ಗೊತ್ತಿಲ್ಲ. ಒತ್ತಿರಿ.' ಪಕ್ಕದಲ್ಲಿ ಒಂದು ಬೆಂಕಿಯ ಚಿತ್ರ, ನೋಡುವವರಿಗೆ ಅನುಕೂಲವಾಗಲೆಂದು.

ಹುಸೇನಬಿ ಆಗ ಗಿರಾಕಿಯೊಬ್ಬರಿಗೆ ಸೆರಗಿನ ಫೋಟೋ ಕಳಿಸುತ್ತಿದ್ದಳು. ನಾಲ್ಕು ಪಾಲು ಮುಗಿಸಿದ್ದಳು. ಸೋಮವಾರ ಐದನೆಯದು ಅವಳ ಕೈಗೆ ಬರಬೇಕಿತ್ತು. ಬಂದದ್ದು ಶಂಭುವಿನ ಪ್ರಶ್ನೆ.

ಸೋಮವಾರ ಅವಳು ವಾಚನಾಲಯಕ್ಕೆ ಬರಲಿಲ್ಲ. ಬೇರೆಯವರೂ ಬರಲಿಲ್ಲ. ಯಮನೂರಪ್ಪ ಐದನೇ ಪಾಲನ್ನು ತಾನೇ ಹೊತ್ತು ಅವಳ ಮನೆಗೆ ಹೋದ. ಹುಸೇನಬಿ ರಾಟೆ ನಿಲ್ಲಿಸಲಿಲ್ಲ.

"ತಗೋರಿ ಅಕ್ಕಾರ, ನಿಮ್ಮ ಪಾಳಿ."

"ಮೂರು ವಾರ ಕಂಡಿಕಿ ಸುತ್ತಗೊಂತ ಅದನ್ನ ವಿಚಾರ ಮಾಡೇನಿ, ತಮ್ಮಾ" ಎಂದಳು ಅವಳು. "ನನಗ ಮಾವನ ಮ್ಯಾಲ ಸಂಶಯ ಇತ್ತು. ಆಮ್ಯಾಲ ಅಲ್ಲ, ಮೈದುನ ಇರಬೇಕು ಅನಸ್ತು. ಮೊನ್ನಿ ಶುಕ್ರವಾರ, ಇಕಿನ ಹಚ್ಚಿರಬೇಕೇನು ಅಂತ ಒಂದು ಎಳಿ ಬಂತು ನೋಡು ಮನಸಿನ್ಯಾಗ. ಅದನ್ನ ಹಿಡಕೊಂಡು ಹೊಂಟಿದ್ನಿ. ಕೈಯಾಗಿಂದ ಕಸಗೊಂಡ ಅಂವ."

"ಅಂವ ಶಂಭು. ನಾ ಏನ ಮಾಡ್ಲಿ?"

"ಮಾತು ಯಾರ ಹೆಸರಿಲೇ ಬಂತು? ಇಳಕಲ್ಲ ಶಾಖೆ ಅಂತ ಮ್ಯಾಲ ಬರದಿತ್ತು. ಬಾಯಿ ಬಿಟ್ಟಿದ್ದು ನಿನ್ನ ವಾಚನಾಲಯ. ಒಂದು ಸುತ್ತು ಅದಕ್ಕ ದಂಡ."

"ವಾಚನಾಲಯಕ್ಕ?"

"ಐದು ವಾರ ಈ ಓಣ್ಯಾಗ ನಿನ್ನ ಪುಸ್ತಕ ಯಾರೂ ಮುಟ್ಟೂದಿಲ್ಲ. ನನ್ನ ನಾದಿನಿಗೊಂದು ನ್ಯಾಯ, ಟ್ರಸ್ಟಿಗೊಂದು ನ್ಯಾಯ ಮಾಡಾಕ ಬರೂದಿಲ್ಲ."

ಮನೆಗೆ ಬಂದು ಬಾಳವ್ವನ ಮುಂದೆ ಗೋಳು ಹೇಳಿಕೊಂಡ. ಅವಳು ರೊಟ್ಟಿ ಬಡಿಯುತ್ತಲೇ, "ನಾನೂ ಮುಟ್ಟೂದಿಲ್ಲ. ಊಟಕ್ಕಷ್ಟ ಬಾ" ಎಂದಳು.

ಪುಸ್ತಕ ಮುಟ್ಟಲಿಲ್ಲವೇ ಹೊರತು ಫೋನು ಮುಟ್ಟದೆ ಬಿಡಲಿಲ್ಲ. ಶಂಭುವಿನ ಪ್ರಶ್ನೆಯ ಕೆಳಗೆ ಓಣಿಯ ಹೆಂಗಸರು, ಅವರ ಗುಡೂರಿನ ಬೀಗರು, ಬೇವೂರಿನ ಅಕ್ಕತಂಗಿಯರು ಎಲ್ಲ ಇಳಿದರು. ಹನ್ನೊಂದುನೂರಾ ನಲವತ್ತಾರು ಶಾಪಗಳು. 'ನಿನ್ನ ಮದವಿ ಊಟದ ಸಾರಿಗೆ ಉಪ್ಪು ಇಲ್ದಂಗ ಆಗ್ಲಿ.' 'ನೀ ನೋಡೂ ಪ್ರತಿ ಮ್ಯಾಚಿನ ಕಡೀ ಓವರಿಗೆ ಕರೆಂಟ್ ಹೋಗ್ಲಿ.' 'ಬಸ್ಸಿನ್ಯಾಗ ನಿನಗ ಯಾವತ್ತೂ ಚಕ್ರದ ಮ್ಯಾಲಿನ ಸೀಟ ಸಿಗ್ಲಿ.' ಕೆಂಪು ಮೋರೆಯ ಚಿತ್ರಗಳಿಗಂತೂ ಅಂತ್ಯವಿಲ್ಲ. ಗಣಕಕ್ಕೆ ಶಾಪವೂ ಒಂದೇ, ಶಹಬ್ಬಾಸೂ ಒಂದೇ. ಬರೀ ನೋಡಿ ಹೋದದ್ದಕ್ಕಿಂತ ಬರೆದದ್ದಕ್ಕೆ ಅದು ನೂರು ಪಟ್ಟು ಅಂಕ ಕೊಡುತ್ತದೆ. ಮಾರ್ಚ್ ಮೂವತ್ತೊಂದಕ್ಕೆ ಇಳಕಲ್ ಶಾಖೆ ಮಂಗನನ್ನು ಮಣ್ಣುಮುಕ್ಕಿಸಿ ಪ್ರಥಮ ಸ್ಥಾನಕ್ಕೇರಿತು. ಕಪಾಟು ಉಳಿಯಿತು. ಅದರ ಮುಂದೆ ನರಪಿಳ್ಳೆ ಇರಲಿಲ್ಲ.

ಪ್ರಶಸ್ತಿ ಪ್ರದಾನ ಬಾದಾಮಿಯ ಒಂದು ಕಲ್ಯಾಣ ಮಂಟಪದಲ್ಲಿ. ಶಂಭುವಿಗೆ ಶಾಲು, ಹಾರ, ಒಂದು ಡಬ್ಬಿ ಅಮೀನಗಡದ ಕರದಂಟು. ಯಮನೂರಪ್ಪನಿಗೆ ಗಾಜಿನ ಫಲಕ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅವನು ಟ್ರಸ್ಟಿನ ಅಧ್ಯಕ್ಷರ ಬಳಿ ಬಗ್ಗಿ ಹೇಳಿದ.

"ಸಾಹೇಬ್ರ, ಅವು ಎಲ್ಲಾ ಬೈಗಳ ಅದಾವ್ರಿ. ನಮ್ಮ ಓಣ್ಯಾಗ ಈಗ ಒಬ್ರೂ ಓದಾಕ ಬರಾಕತ್ತಿಲ್ಲ."

"ಬೈದ್ರ ಏನಾತ್ರಿ" ಎಂದರು ಅಧ್ಯಕ್ಷರು, ಕ್ಯಾಮೆರಾದ ಕಡೆ ನಗುತ್ತ. "ಬಂದಾರಲ್ಲ. ಫಲಕ ಸ್ವಲ್ಪ ಮ್ಯಾಲ ಹಿಡೀರಿ."

ವಿಜಯದ ಅಮಲು ಇಳಿಯುವ ಮೊದಲೇ ಶಂಭುವಿನ ಹೊಸ ಆಜ್ಞೆ ಬಂತು. ವಾರಕ್ಕೊಂದು ಕಾದಂಬರಿಯ ಕೊನೆಯನ್ನು ಬಯಲು ಮಾಡಿ ಜನರನ್ನು ಕೆರಳಿಸುವ ಮಾಲೆ ಶುರುವಾಗಲಿದೆ. ಇಳಕಲ್ ಕಪಾಟಿನಲ್ಲಿರುವ ಇಪ್ಪತ್ತೆರಡು ದಪ್ಪ ಕಾದಂಬರಿಗಳ ಕೊನೆ ಏನೇನೆಂದು ಯಮನೂರಪ್ಪ ಎರಡೆರಡು ಸಾಲಿನಲ್ಲಿ ಬರೆದು ಕಳಿಸಬೇಕು. ಕಳಿಸದಿದ್ದರೆ ಶಾಖೆಯ ಅಂಕ ಇಳಿಯುತ್ತದೆ. ಇಳಿದರೆ ಹುನಗುಂದ ಇದ್ದೇ ಇದೆ.

ಯಮನೂರಪ್ಪ ಎರಡು ದಿನ ಉಣ್ಣಲಿಲ್ಲ. ಕಳಿಸಿದರೆ ಕಪಾಟು ಉಳಿದು ಓದುವವರು ಹೋಗುತ್ತಾರೆ. ಬಿಟ್ಟರೆ ಓದುವವರು ಉಳಿದು ಕಪಾಟು ಹೋಗುತ್ತದೆ. ಐದು ಪಾಲನ್ನು ಐದು ಎಂದೇ ಬರೆದ ಮನುಷ್ಯ, ಜೀವಮಾನದಲ್ಲಿ ನವನಗರಕ್ಕೆ ಒಂದು ಸುಳ್ಳು ಕಳಿಸಿದವನಲ್ಲ. ಮೂರನೆಯ ದಿನ ಅಮಾವಾಸ್ಯೆ. ಹೆಂಗಸರು ರೂಢಿಯಂತೆ ಕಟ್ಟೆಗೆ ಬಂದರು. ಪುಸ್ತಕವಿಲ್ಲದ ಕಾರಣ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಯಮನೂರಪ್ಪ ಆಜ್ಞೆಯನ್ನು ಓದಿ ಹೇಳಿದ.

ಬಳಿಕ ಹುಸೇನಬಿ ಕೇಳಿದಳು: "ಆ ಶಂಭು ಇವುನ್ನೆಲ್ಲಾ ಓದ್ಯಾನೇನು?"

"ಇಲ್ರಿ."

"ಅವರ ಅಧ್ಯಕ್ಷರು?"

"ಮುಟ್ಟೂ ನೋಡಿಲ್ಲ."

"ಹಂಗಾರ ಕೊನಿ ಹೆಂಗೈತಿ ಅಂತ ಅವರಿಗೇನ ಗೊತ್ತು? ಬರಕೋ. ನಾವು ಹೇಳ್ತೇವಿ."

ಆ ಮಧ್ಯಾಹ್ನ ಕಂಡಿಕಿ ಓಣಿಯ ಕಟ್ಟೆಯ ಮೇಲೆ ನಡೆದದ್ದನ್ನು ಸೃಷ್ಟಿಕಾರ್ಯ ಎನ್ನದೆ ವಿಧಿಯಿಲ್ಲ. ಸಾಯಬೇಕಾದ ಹನ್ನೊಂದು ಮಂದಿ ಬದುಕಿಕೊಂಡರು. ಸುಖವಾಗಿದ್ದ ನಾಲ್ಕು ಜೋಡಿಗಳು ದೂರಾದವು. ಒಬ್ಬ ಜಮೀನ್ದಾರ ಕೊನೆಯ ಪುಟದಲ್ಲಿ ಐಸ್‌ಕ್ರೀಂ ಗಾಡಿ ಇಟ್ಟ. ಬಾಳವ್ವ ತನ್ನ ಪಾಲಿಗೆ ಸಿಕ್ಕ ಎಲ್ಲ ಅತ್ತೆಯರನ್ನೂ ದವಾಖಾನೆಗೆ ಸೇರಿಸಿದಳು. ಬರೆದುಕೊಳ್ಳುವಾಗ ಯಮನೂರಪ್ಪ ಸಾಲಿಗೊಮ್ಮೆ ಪೆನ್ನು ಕೆಳಗಿಡುತ್ತಿದ್ದ. "ಖರೆ ಪುಸ್ತಕ ಕಾಯಾಕ ಸುಳ್ಳು ಬರಿಯಾಕತ್ತೀದಿ, ಪೆನ್ನು ಇಡಬ್ಯಾಡ" ಎಂದು ಹುಸೇನಬಿ ಧೈರ್ಯ ಹೇಳಿದಳು. ದಂಡದ ಐದು ವಾರಗಳಲ್ಲಿ ಒಂದು ದಿನವನ್ನೂ ಅವಳು ಕಡಿಮೆ ಮಾಡಲಿಲ್ಲ. ಅವಧಿ ಮುಗಿದ ಸೋಮವಾರ ಬೆಳಿಗ್ಗೆ ಎಂಟಕ್ಕೇ ಹೆಂಗಸರು ಬಾಗಿಲಲ್ಲಿದ್ದರು.

ಮಾಲೆ ಈಗ ಭರದಿಂದ ಸಾಗಿದೆ. ಪ್ರತಿ ಶನಿವಾರ ಶಂಭು ಒಂದು ಸುಳ್ಳು ಕೊನೆಯನ್ನು ದೊಡ್ಡ ಅಕ್ಷರದಲ್ಲಿ ಬಯಲು ಮಾಡುತ್ತಾನೆ. ಓದದ ನೂರಾರು ಜನ ಬಂದು, ಹೀಗಾಗಬಾರದಿತ್ತು ಎಂದು ಮರುಗುತ್ತಾರೆ, ಹಾಗೇ ಆಗಬೇಕಿತ್ತು ಎಂದು ಕಾದಾಡುತ್ತಾರೆ, ಹೃದಯದ ಚಿತ್ರ ಒತ್ತುತ್ತಾರೆ. ಹನ್ನೆರಡು ವಾರದಲ್ಲಿ ಟ್ರಸ್ಟಿನ ಒಬ್ಬನೇ ಒಬ್ಬ ಸದಸ್ಯನಿಗೂ ಅನುಮಾನ ಬಂದಿಲ್ಲ. ಇಷ್ಟೊಂದು ಸಾಹಿತ್ಯಪ್ರೇಮಿಗಳ ನಡುವೆ ಪುಸ್ತಕದ ಗುಟ್ಟು ಇಷ್ಟು ಭದ್ರವಾಗಿರುತ್ತದೆಂದು ಯಾರು ತಿಳಿದಿದ್ದರು?

ಹದಿಮೂರನೇ ವಾರ ಒಂದು ಅಭಿಪ್ರಾಯ ಬಂತು. ಬಾದಾಮಿಯಿಂದ, ವಿದ್ಯಾ ಎಂಬ ಹೆಣ್ಣುಮಗಳು: 'ನಾನು ಓದಿದ ಪುಸ್ತಕದಲ್ಲಿ ಹೀಗಿಲ್ಲ. ಅವನು ಐಸ್‌ಕ್ರೀಂ ಮಾರುವುದಿಲ್ಲ. ದಯವಿಟ್ಟು ತಿದ್ದಿ.' ಅದರ ಕೆಳಗೆ ಶಂಭುವಿನ ಉತ್ತರ: 'ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ಇದೇ ರೀತಿ ಪ್ರೋತ್ಸಾಹಿಸುತ್ತಿರಿ.'

ಯಮನೂರಪ್ಪ ಅದನ್ನು ಮೂರು ಸಲ ಓದಿದ. ಆಮೇಲೆ ಆ ಹೆಣ್ಣುಮಗಳಿಗೆ ಗುಟ್ಟಾಗಿ ಒಂದು ಸಂದೇಶ ಬರೆದ. ನಿಮ್ಮದೇ ಖರೆ, ತಪ್ಪು ನಮ್ಮದು ಎಂದು ಒಪ್ಪಿಕೊಂಡು, ಯಾಕೆ ಹಾಗೆ ಮಾಡಿದೆವೆಂದು ವಿವರಿಸಿದ. ಅವಳು ಬಾದಾಮಿಯ ತಾಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಯ ಶಾಖೆಯಲ್ಲಿ ಈಗ ಮಂಗನ ವಿಡಿಯೋ ತೆಗೆಯುವವರ ಗದ್ದಲದಿಂದ ಕೂರಲು ಜಾಗವಿಲ್ಲವಂತೆ. ನಿಮ್ಮ ಸರದಿಯಲ್ಲಿ ನನ್ನನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಳು.

ಹೊಸ ಕಾದಂಬರಿ ಮೊನ್ನೆ ಬಂದಿದೆ, ಎಂಟುನೂರು ಪುಟ. ಯಮನೂರಪ್ಪ ಆರು ಪಾಲು ಮಾಡಿದ. ಒಂದನೇ ಪಾಲು ಮೊದಲು ಯಾರಿಗೆ ಎಂಬ ಮಾತು ಬಂದಾಗ ಕಟ್ಟೆಯ ಮೇಲಿದ್ದವರೆಲ್ಲ ಹುಸೇನಬಿಯ ಕಡೆ ನೋಡಿದರು, ಪಾಳಿ ಅವಳದಿತ್ತು.

"ಬಾದಾಮಿಗೆ ಹೋಗ್ಲಿ" ಎಂದಳು ಹುಸೇನಬಿ. "ಅಷ್ಟು ಸಾವಿರ ಮಂದ್ಯಾಗ ಪುಸ್ತಕ ಓದಿದಾಕಿ ಅಕಿ ಒಬ್ಬಾಕಿ. ನಾ ಆಮ್ಯಾಲ ಓದ್ತೇನಿ."

ಬಾಳವ್ವ ಕ್ಯಾಲೆಂಡರಿನ ರಟ್ಟಿನ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ ಹೊಲಿದುಕೊಟ್ಟಳು. ಯಮನೂರಪ್ಪ ಅದನ್ನು ಬಗಲಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ.